ಕೆಳಗಿನ ಖಾನೆ ಚಿಟಿಕೆಯದು

ಮಾರ್ಚ್ 3, ಸೋಮವಾರ

ಇವಳು, ನನ್ನ ಹೆಂಡತಿ, ನಿನ್ನೆ ಬೆಳಿಗ್ಗೆ ಹೊರಟಳು. ಎಂಟು ವಾರ. ಲಿಫ್ಟ್ ರಿಪೇರಿ ಮಾಡುವವಳು ಮೇಲ್ವಿಚಾರಕಿಯಾಗಬೇಕಾದರೆ ಕಂಪನಿಯ ತರಬೇತಿ ಮುಗಿಸಲೇಬೇಕು. ಈ ಸಲ ತಪ್ಪಿದರೆ ಮುಂದಿನ ಸರದಿ ಮೂರು ವರ್ಷಕ್ಕೆ. ಹೊಸ ಬೂಟು ಹಾಕಿಕೊಂಡು ಹೋದಳು. ಹಳೆಯ ಜೋಡಿ, ದಪ್ಪ ರಬ್ಬರಿನ ಮೊಣಕಾಲುದ್ದದ್ದು, ಎಂದಿನಂತೆ ಬಾಗಿಲ ಬಳಿಯ ಸ್ಟೂಲಿನ ಪಕ್ಕ ನಿಂತಿದೆ.

ನಾನು ಕೂಡಿಟ್ಟ ರಜೆಯೆಲ್ಲ ಸುರಿದು ಏಳು ವಾರ ಮನೆಯಲ್ಲಿರುತ್ತೇನೆ. ಎಂಟನೆಯ ವಾರಕ್ಕೆ ಅತ್ತೆ ಬರುತ್ತಾರೆ. ಮಗಳು ಚಿಟಿಕೆಗೆ ಎರಡು ವರ್ಷ ಎರಡು ತಿಂಗಳು. ಹುಟ್ಟಿದಾಗ ಎರಡೇ ಕಿಲೋ ಇದ್ದಳು. ‘ಚಿಟಿಕೆಯಷ್ಟು ಮಗು’ ಎಂದು ನರ್ಸು ಅಂದದ್ದು ಹೆಸರಾಗಿ ಅಂಟಿಕೊಂಡಿತು.

ಹೋಗುವ ಮುಂಚೆ ಇವಳು ಫ್ರಿಜ್ಜಿನ ಮೇಲೆ ಒಂದು ಕಾಗದ ಅಂಟಿಸಿದ್ದಾಳೆ, ಲಿಫ್ಟಿನೊಳಗಿನ ಸೂಚನೆಗಳ ಧಾಟಿಯಲ್ಲಿ:

೧. ಫ್ರಿಜ್ಜಿನ ಕೆಳಗಿನ ಖಾನೆ ಚಿಟಿಕೆಯದು. ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ತೆರೆಯಬೇಕು.
೨. ಒಳಗೆ ಏನಿರಬೇಕು ಎನ್ನುವುದು ನಿನ್ನದು. ಯಾವುದು ಬೇಕು, ಎಷ್ಟು ಬೇಕು ಎನ್ನುವುದು ಅವಳದು. ಎಲ್ಲವೂ ಮೆತ್ತಗೆ, ಸಣ್ಣಗೆ, ಗಂಟಲಿಗೆ ಸಿಕ್ಕದ ಹಾಗೆ.
೩. ತಿನ್ನುವಾಗ ನೋಡುತ್ತಾ ನಿಲ್ಲಬೇಡ. ತಿಂದರೆ ಚಪ್ಪಾಳೆ ಬೇಡ, ಬಿಟ್ಟರೆ ಮುಖ ಊದಿಸಬೇಡ.
೪. ತೂಕ ಹತ್ತು ಕಿಲೋಗಿಂತ ಕೆಳಗಿಳಿದರೆ ನಾನು ವಾಪಸ್ ಬರುತ್ತೇನೆ.

ನಾಲ್ಕನೆಯದು ನನ್ನ ಇಲಾಖೆ. ಇಪ್ಪತ್ತು ವರ್ಷದಿಂದ ಊರಿನ ಅಂಗಡಿ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವವನು ನಾನು. ಕಚೇರಿಯಿಂದ ಅನುಮತಿ ಪಡೆದು ಒಂದು ಒಳ್ಳೆಯ ಮೇಜಿನ ತಕ್ಕಡಿ ತಂದಿಟ್ಟಿದ್ದೇನೆ. ಇಂದು ಚಿಟಿಕೆ 10 ಕಿಲೋ 620 ಗ್ರಾಂ. ನೋಡಬಾರದು ಅಂದರೆ ನೋಡುವುದಿಲ್ಲ. ತೂಗಬಾರದು ಎಂದು ಎಲ್ಲೂ ಬರೆದಿಲ್ಲವಲ್ಲ. ಡಬ್ಬಿಗಳನ್ನು ಮುಂಚೆ ಒಮ್ಮೆ, ಆಮೇಲೆ ಒಮ್ಮೆ ತೂಗಿದರೆ ಹೊಟ್ಟೆಗೆ ಹೋದದ್ದು ಎಷ್ಟು ಎಂದು ತಾನೇ ಗೊತ್ತಾಗುತ್ತದೆ.

ಮಾರ್ಚ್ 4, ಮಂಗಳವಾರ

ಖಾನೆಯಲ್ಲಿ: ಬೇಯಿಸಿದ ಕ್ಯಾರೆಟ್ಟು, ಚೀಸ್ ತುಂಡು, ಮೊಟ್ಟೆ, ಕಿತ್ತಳೆ ತೊಳೆ (ಬೀಜ ತೆಗೆದು). ಮಾರುಕಟ್ಟೆಯಲ್ಲಿ ಕೈ ತಪ್ಪಿ ಸೌತೆಕಾಯಿಯನ್ನೂ ತಂದಿದ್ದೆ. ಮನೆಯಲ್ಲಿ ಅದನ್ನು ತಿನ್ನುವವಳು ಇವಳೊಬ್ಬಳೇ. ದಿನಾ ಸಂಜೆ ಕೆಲಸದಿಂದ ಬಂದು ಬಾಗಿಲ ಸ್ಟೂಲಿನ ಮೇಲೆ ಕೂತು, ಒಂದು ಕೈಯಲ್ಲಿ ಬೂಟು ಎಳೆಯುತ್ತಾ ಇನ್ನೊಂದು ಕೈಯಲ್ಲಿ ಸೌತೆಕಾಯಿ ಕಚ್ಚುತ್ತಾಳೆ. ಚಿಟಿಕೆಗೆ ಅದನ್ನು ಕಂಡರಾಗದು, ಉಗಿಯುತ್ತಾಳೆ. ಇರಲಿ ಎಂದು ಸಿಪ್ಪೆ ತೆಗೆದು, ತೆಳ್ಳಗೆ ಸೀಳಿ, ಅದನ್ನೂ ಒಂದು ಡಬ್ಬಿಗೆ ಹಾಕಿದೆ.

ಹತ್ತಕ್ಕೆ ಖಾನೆ ತೆರೆದು, ಬೆನ್ನು ಹಾಕಿ ಪಾತ್ರೆ ತೊಳೆಯಲು ನಿಂತೆ. ಹಿಂದೆ ಮುಚ್ಚಳ ತೆಗೆಯುವ ಸದ್ದು, ಮುಚ್ಚುವ ಸದ್ದು, ಮತ್ತೆ ತೆಗೆಯುವ ಸದ್ದು. ಒಂದು ಮಗು ಐದು ಡಬ್ಬಿಗಳ ಮುಂದೆ ಏನು ಯೋಚಿಸುತ್ತದೆ? ನನಗೆ ತುಂಬಾ ಕುತೂಹಲ. ಅಂಗಡಿಯವರು ನನ್ನೆದುರು ತಕ್ಕಡಿ ತೆಗೆದಿಡುವಾಗಲೂ ಇಷ್ಟು ಕಿವಿ ನೆಟ್ಟಗಾಗಿರಲಿಲ್ಲ.

ತಿಂದದ್ದು: 8 ಗ್ರಾಂ ಚೀಸು.

ಮಾರ್ಚ್ 7, ಶುಕ್ರವಾರ

ಬುಧವಾರ 12 ಗ್ರಾಂ. ಗುರುವಾರ 5. ಇಂದು ಸೊನ್ನೆ. ಊಟವೂ ಅಷ್ಟಕ್ಕಷ್ಟೆ, ನಾಲ್ಕು ತುತ್ತಿಗೆ ತಲೆ ಆಡಿಸುತ್ತಾಳೆ. ಆಡುತ್ತಾಳೆ, ಓಡುತ್ತಾಳೆ, ಬಾಯಿ ಮಾತ್ರ ತೆರೆಯುವುದಿಲ್ಲ. ತೂಕ 10.510.

ಖಾನೆ ತೆರೆದರೆ ಮುಚ್ಚಳ ತೆಗೆದು ಮೂಸಿ, ಮುಚ್ಚಿ, ಸಾಲಾಗಿ ಜೋಡಿಸುತ್ತಾಳೆ. ಆಮೇಲೆ ನನ್ನ ಕಾಲಿನ ಹತ್ತಿರ ಬಂದು ಕೂರುತ್ತಾಳೆ. ನಾನು ನಿಯಮದಂತೆ ಪಾತ್ರೆ ತೊಳೆಯುತ್ತಲೇ ಇರುತ್ತೇನೆ. ಈ ವಾರ ಮನೆಯ ಪಾತ್ರೆಗಳಷ್ಟು ಸ್ವಚ್ಛ ಯಾರ ಮನೆಯಲ್ಲೂ ಇರಲಿಕ್ಕಿಲ್ಲ.

ಮಾರ್ಚ್ 12, ಬುಧವಾರ

ಮಕ್ಕಳ ಆಸ್ಪತ್ರೆಗೆ ಹೋಗಿದ್ದೆವು. ನರ್ಸು ತೂಗಿ, 10.430 ಎಂದು ಬರೆದುಕೊಂಡರು.

“ಇಲ್ಲಮ್ಮ, 10.390. ನಿಮ್ಮ ತಕ್ಕಡಿ ನಲವತ್ತು ಗ್ರಾಂ ಜಾಸ್ತಿ ತೋರಿಸ್ತಿದೆ” ಎಂದೆ.

“ಹೌದಾ? ಹಾಗಾದ್ರೆ ಮಗೂನ ಇಲ್ಲಿಗೆ ಯಾಕೆ ಕರ್ಕೊಂಡ್ ಬಂದ್ರಿ? ನೀವೇ ತೂಗಿ ನೀವೇ ಔಷಧಿ ಕೊಟ್ಕೊಳ್ಳಿ.”

ಆಮೇಲೆ ಕೆನ್ನೆ, ಗಂಟಲು, ಹೊಟ್ಟೆ ಎಲ್ಲ ನೋಡಿ, ಕಾಯಿಲೆ ಏನೂ ಇಲ್ಲ ಎಂದರು. ಖಾನೆಯ ಕಥೆ ಹೇಳಿದೆ. “ತಾಯಿ ಇಲ್ಲ ಅಲ್ವಾ, ಒಂದಷ್ಟು ದಿನ ಹೀಗೇ. ಖಾನೆ ವಿಚಾರ ಒಳ್ಳೇದೇ, ಮುಂದುವರಿಸಿ. ಎಷ್ಟು ತಿಂದ್ಳು ಅನ್ನೋದಕ್ಕಿಂತ ಹೇಗೆ ತಿಂದ್ಳು ನೋಡಿ.” ಹೇಗೆ ಎನ್ನುವುದನ್ನು ಯಾವ ಅಳತೆಯಲ್ಲಿ ನೋಡುವುದು ಎಂದು ಕೇಳಬೇಕೆನಿಸಿತು. ಆಗಲೇ ಸಿಟ್ಟು ಬರಿಸಿದ್ದೆನಲ್ಲ, ಸುಮ್ಮನಾದೆ.

ಮಾರ್ಚ್ 14, ಶುಕ್ರವಾರ

ತಿಂದಳು!

ನಾಲ್ಕು ಗಂಟೆಗೆ ಮುಚ್ಚಳಗಳ ಸದ್ದಾಯಿತು. ಸ್ವಲ್ಪ ಹೊತ್ತು ಮೌನ. ಮತ್ತೆ ಹೊರಬಾಗಿಲ ಕಡೆ ಟಪಟಪ ಹೆಜ್ಜೆ, ತಿಂದು ಮುಗಿಸಿ ಆಟಕ್ಕೆ ಓಡುವ ಹುಮ್ಮಸ್ಸು. ತಿರುಗಿ ನೋಡಿದರೆ ಒಂದು ಡಬ್ಬಿ ಖಾಲಿ. ಯಾವುದು ಅಂತೀರಿ? ಸೌತೆಕಾಯಿ! ಉಗಿಯುತ್ತಿದ್ದವಳು 64 ಗ್ರಾಂ ನುಂಗಿದ್ದಾಳೆ, ಜೊತೆಗೆ ಚೀಸು 20.

ಚಪ್ಪಾಳೆ ತಟ್ಟಬಾರದಲ್ಲ, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಕುಣಿದೆ. ಇವಳಿಗೆ ಫೋನು ಮಾಡಿ ಹೇಳಿದರೆ ಅಲ್ಲಿಂದಲೂ ಕುಣಿದ ಸದ್ದು.

ಮಾರ್ಚ್ 16, ಭಾನುವಾರ

ಶನಿವಾರ 150 ಗ್ರಾಂ, ಇಂದು 172. ಸೌತೆಕಾಯಿ ಮೊದಲು, ಆಮೇಲೆ ಉಳಿದದ್ದು. ಅಭಿರುಚಿ ಹೀಗೆ ರಾತ್ರೋರಾತ್ರಿ ಬದಲಾಗುತ್ತದೆಯೇ? ಯೋಚಿಸಿದಷ್ಟೂ ಸೋಜಿಗ.

ಅತ್ತೆ ಬಂದಿದ್ದರು. ಊಟದಲ್ಲಿ ಮಗು ನಾಲ್ಕು ತುತ್ತಿಗೆ ಎದ್ದದ್ದನ್ನು ನೋಡಿ ತಡೆಯಲಾಗಲಿಲ್ಲ.

“ಏನಪ್ಪಾ ಇದು? ಬೆನ್ನ ಮೂಳೆ ಎಣಿಸ್ಬಹುದು. ಎರಡು ವರ್ಷದ ಕೂಸನ್ನ ‘ಏನಮ್ಮ ತಿಂತೀಯಾ’ ಅಂತ ಕೇಳೋದಂತೆ, ಅದು ಯಜಮಾನಿ ಹಾಗೆ ಆರಿಸೋದಂತೆ! ನಾನು ಎರಡು ಮಕ್ಕಳನ್ನ ಕಾಲ ಮೇಲೆ ಮಲಗಿಸಿಕೊಂಡು ತಿನ್ನಿಸಿ ಬೆಳೆಸ್ಲಿಲ್ವಾ?”

“ತಿಂತಾ ಇದಾಳೆ ಅತ್ತೆ. ಇವತ್ತು 172 ಗ್ರಾಂ.”

“ಗ್ರಾಂ ನಿನ್ನ ಹತ್ರ ಇರ್ಲಿ. ಮುಂದಿನ ಶನಿವಾರ ಬರ್ತೀನಿ. ಆಗ್ಲೂ ಹೀಗೇ ಇದ್ರೆ ನಾನು ಮನೆಗೆ ಕರ್ಕೊಂಡ್ ಹೋಗೋದೇ. ಅವಳಿಗೂ ಫೋನ್ ಮಾಡಿ ಹೇಳ್ತೀನಿ.”

ಹೇಳಿದರೆ ಇವಳು ಅಲ್ಲಿ ಒಂದು ದಿನವೂ ನಿಲ್ಲುವುದಿಲ್ಲ. ತರಬೇತಿ ನೀರಿನಲ್ಲಿ ಹೋಮ. ಆದರೆ ನನಗೇನೂ ಭಯವಿಲ್ಲ, ಅಂಕಿ ನನ್ನ ಪರ.

ಮಾರ್ಚ್ 18, ಮಂಗಳವಾರ

10.240.

ಎರಡು ಸಲ ತೂಗಿದೆ. ಐದು ದಿನದಲ್ಲಿ 700 ಗ್ರಾಮಿಗೆ ಹತ್ತಿರ ತಿಂದಿದ್ದಾಳೆ, ತೂಕ ಇಳಿದಿದೆ. ಒಳಗೆ ಹೋದದ್ದು ಎಲ್ಲಿಗೆ ಹೋಯಿತು? ಹೊರಗೆ ಬಂದದ್ದನ್ನೂ ತೂಗಿದೆ; ಅದರ ವಿವರ ಇಲ್ಲಿ ಬೇಡ. ಲೆಕ್ಕ ಕೂರುತ್ತಿಲ್ಲ.

ಮಾರ್ಚ್ 19, ಬುಧವಾರ

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಕಚೇರಿಯ ಗೋಡೆಯ ಮೇಲಿರುವ ಮಾತು. ಇಡೀ ಬೆಳಿಗ್ಗೆ ಹಿತ್ತಾಳೆಯ ತೂಕದ ಬಟ್ಟುಗಳನ್ನಿಟ್ಟು ತಕ್ಕಡಿ ಪರೀಕ್ಷಿಸಿದೆ. ಒಂದು ಕಿಲೋ, ಎರಡು, ಐದು, ಹತ್ತು. ಎರಡು ಗ್ರಾಮಿನ ವ್ಯತ್ಯಾಸವೂ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಮಟ್ಟಗೋಲು ತಂದು ನೆಲವನ್ನೂ ಪರೀಕ್ಷಿಸಿದೆ. ನೆಲ ನಿಜವಾಗಿಯೂ ಸ್ವಲ್ಪ ಡೊಂಕಾಗಿದೆ! ಖುಷಿಯಿಂದ ತಕ್ಕಡಿಯನ್ನು ಮಟ್ಟ ಮಾಡಿ ಮತ್ತೆ ತೂಗಿದೆ. 10.190.

ನಾನು ಬಟ್ಟುಗಳನ್ನು ಎತ್ತಿಡುವಾಗ ಚಿಟಿಕೆ ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು ತಂದುಕೊಟ್ಟಳು. ಹತ್ತು ಗ್ರಾಮಿನದನ್ನು ಕೊಡಲಿಲ್ಲ, ಮುಷ್ಟಿಯಲ್ಲಿಟ್ಟುಕೊಂಡೇ ಮಲಗಿದಳು.

ಮಾರ್ಚ್ 20, ಗುರುವಾರ

ಸಂಜೆ ಇವಳ ಫೋನು. ನಾಡಿದ್ದು ಮೊದಲ ಪರೀಕ್ಷೆಯಂತೆ. ಧ್ವನಿಯಲ್ಲಿ ಏನೋ ಹುರುಪು.

“ಚಿಟಿಕೆ ಎಷ್ಟಿದಾಳೆ?”

“ಹತ್ತೂ ಆರ್ನೂರು. ಹಾಗೇ ಇದಾಳೆ.”

ಬಾಯಿಂದ ಜಾರಿಹೋಯಿತು. ತೂಕದಲ್ಲಿ ಮೋಸ ಮಾಡಿದ ಎಷ್ಟು ಅಂಗಡಿಯವರ ತಕ್ಕಡಿ ಕಿತ್ತುಕೊಂಡು ಬಂದಿದ್ದೇನೆ! ಅವರೂ ಹೀಗೇ, ಕಣ್ಣು ಮಿಟುಕಿಸದೆ ಹೇಳುತ್ತಿದ್ದರು. ನಾಚಿಕೆಯಾಗುತ್ತಿದೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆಯಿಂದ ಮನೆಯಲ್ಲಿ ನಾತ. ಸಿಂಕಿನ ಕೊಳವೆ ಕಟ್ಟಿಕೊಂಡಿರಬೇಕೆಂದು ಬಿಚ್ಚಿದೆ. ಬಿಚ್ಚುವುದು ಸುಲಭ, ಜೋಡಿಸಿದ ಮೇಲೆ ಒಂದು ತಿರುಪು ಉಳಿದಿದೆ, ಅಡುಗೆಮನೆಯ ತುಂಬ ನೀರು. ನಾತ ಹಾಗೇ ಇದೆ. ಚಿಟಿಕೆಗೆ ನೀರು ಕಂಡು ಪರಮಾನಂದ.

10.090. ಇನ್ನು ತೊಂಬತ್ತು ಗ್ರಾಂ ಉಳಿದಿದೆ. ಒಂದು ಸಣ್ಣ ಕಿತ್ತಳೆಯ ತೂಕ. ನಾಳೆ ಅತ್ತೆ ಬರುತ್ತಾರೆ. ಭಯವಾಗುತ್ತಿದೆ.

ಮಾರ್ಚ್ 22, ಶನಿವಾರ

ಇಂದು ಮೂರನೆಯ ನಿಯಮ ಮುರಿದೆ. ಪೂರ್ತಿ ಮುರಿಯಲಿಲ್ಲ, ತಿರುಗಿ ನೋಡಲಿಲ್ಲ. ಉಜ್ಜಿ ಉಜ್ಜಿ ಕನ್ನಡಿಯಾಗಿದ್ದ ಸ್ಟೀಲಿನ ಕೆಟಲನ್ನು ಸಿಂಕಿನ ಅಂಚಿನಲ್ಲಿಟ್ಟುಕೊಂಡೆ. ಅದರ ಹೊಟ್ಟೆಯಲ್ಲಿ ಇಡೀ ಅಡುಗೆಮನೆ ಸೊಟ್ಟಗೆ ಕಾಣುತ್ತಿತ್ತು.

ಚಿಟಿಕೆ ಖಾನೆಯ ಮುಂದೆ ಕೂತು ಮುಚ್ಚಳ ತೆಗೆದಳು. ಸೌತೆಕಾಯಿಯ ಒಂದು ಸೀಳು ಬಲಗೈಗೆ, ಒಂದು ಎಡಗೈಗೆ. ಬಾಯಿಯ ಹತ್ತಿರವೂ ತರಲಿಲ್ಲ. ಎದ್ದು ಟಪಟಪ ಹೊರಬಾಗಿಲ ಕಡೆ ಹೋದಳು. ನಾನು ಒದ್ದೆ ಕೈಯಲ್ಲೇ ಗೋಡೆಗೆ ಅಂಟಿಕೊಂಡು ಹಿಂದೆ ಹೋದೆ.

ಬಲಗೈಯದು ಇವಳ ಬಲ ಬೂಟಿನೊಳಗೆ. ಎಡಗೈಯದು ಎಡ ಬೂಟಿನೊಳಗೆ. ಆಮೇಲೆ ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು ಬಾಗಿಲನ್ನೇ ನೋಡಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ, ನಲವತ್ತಾಯಿತು. ಬಾಗಿಲು ತೆರೆಯಲಿಲ್ಲ. ಎದ್ದು ಮತ್ತೆ ಖಾನೆಗೆ ಬಂದು, ಚೀಸು ತೆಗೆದುಕೊಂಡು, ಮತ್ತೆ ಹೋದಳು.

ಅವಳು ಆಟಕ್ಕೆ ಕೂತ ಮೇಲೆ ಬೂಟುಗಳನ್ನು ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿದೆ. ಕಪ್ಪಾದ ಸೌತೆಕಾಯಿ, ಬೂಸ್ಟು ಹಿಡಿದ ಚೀಸು, ಕ್ಯಾರೆಟ್ಟು, ಅರ್ಧ ಮೊಟ್ಟೆ. ನಾತದ ಮೂಲ ಸಿಕ್ಕಿತು. ಅಭ್ಯಾಸಬಲ ನೋಡಿ, ಅದನ್ನೂ ತೂಗಿದೆ. ಒಣಗಿದ್ದನ್ನು ಬಿಟ್ಟರೆ ಲೆಕ್ಕ ಸರಿಯಾಗಿ ಕೂತಿತು. ಲೆಕ್ಕ ಕೂತಿತೆಂದು ಅತ್ತದ್ದು ಜೀವನದಲ್ಲಿ ಇದೇ ಮೊದಲು.

ಆ ಹೊತ್ತಿಗೇ ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಬಂದರು, ಕೈಯಲ್ಲಿ ಚಿಟಿಕೆಯ ಬಟ್ಟೆಗೆಂದು ಖಾಲಿ ಚೀಲ. ನೆಲದ ಮೇಲೆ ನಾನು, ಪತ್ರಿಕೆ, ಬೂಟು. ಸದ್ದಿಗೆ ಚಿಟಿಕೆಯೂ ಓಡಿ ಬಂದಳು. ಬೋರಲಾದ ಬೂಟು ನೋಡಿದವಳೇ ಕಿರುಚಿಕೊಂಡಳು.

“ಅಮ್ಮಂದು! ಅಮ್ಮಂದು!”

ಅತ್ತೆಗೆ ಎಲ್ಲ ಹೇಳಿದೆ, ತೂಕವನ್ನೂ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕುಸಿದು ಕೂತರು.

“ಇದು ತುಂಟತನ ಅಲ್ಲಪ್ಪ. ಅಮ್ಮ ಬಂದು ತಿಂದ್ಮೇಲೆ ತಾನು ತಿನ್ನೋಣ ಅಂತ ಕಾಯ್ತಿದೆ ಕೂಸು. ಇವಳಮ್ಮನೂ ಹೀಗೇ ಇದ್ಳು. ನಾನು ಕೆಲಸ ಮುಗಿಸಿ ಬರೋವರೆಗೂ ತಟ್ಟೆ ಮುಟ್ತಿರ್ಲಿಲ್ಲ. ನಂಗೆಲ್ಲಿತ್ತು ಪುರುಸೊತ್ತು, ಹಟ ಅಂದ್ಕೊಂಡು ಬಾಯಿಗೆ ತುರುಕ್ತಿದ್ದೆ.”

ಆಮೇಲೆ ಸೆರಗು ಬಿಗಿದು ಬೂಟುಗಳನ್ನು ಬಚ್ಚಲಿಗೆ ಒಯ್ದು ತಾವೇ ತಿಕ್ಕಿ ತೊಳೆದರು. ಖಾಲಿ ಚೀಲ ಖಾಲಿಯಾಗಿಯೇ ವಾಪಸು ಹೋಯಿತು. ಹೋಗುವಾಗ, “ಅವಳಿಗೆ ನೀನೇ ಹೇಳು, ಇವತ್ತೇ ಹೇಳು” ಎಂದರು.

ಹೇಳಿದೆ. ಪರೀಕ್ಷೆ ಮುಗಿಸಿ ಬಂದಿದ್ದಳು. ಮೊದಲು ತೂಕ ಹೇಳಿದೆ: 10.060. ಗುರುವಾರ ಸುಳ್ಳು ಹೇಳಿದೆ ಅಂದೆ. ಆಮೇಲೆ ಬೂಟಿನ ಕಥೆ.

“ನಾಳೆ ಬೆಳಿಗ್ಗೆ ಬಸ್ಸಿಗೆ ಹೊರಡ್ತೀನಿ.”

“ಒಂದು ವಾರ ಕೊಡು. ಹತ್ತಕ್ಕಿಳಿದ್ರೆ ನಾನೇ ಕರೀತೀನಿ, ಆಣೆ.”

“ನಿನ್ನ ಆಣೆ ಯಾರಿಗೆ ಬೇಕು? ದಿನಾ ತಕ್ಕಡಿದು ಫೋಟೋ ಕಳಿಸು. ಅಂಕಿ ಕಾಣ್ಬೇಕು, ಮಗು ಕಾಣ್ಬೇಕು, ಅವತ್ತಿನ ಪೇಪರ್ ಕಾಣ್ಬೇಕು.”

ಮುದ್ರೆ ಒತ್ತುವವನ ಮೇಲೆಯೇ ತಪಾಸಣೆ ಬಂತು. ಬರಬೇಕಾದದ್ದೇ. ಫೋನು ಇಡುವ ಮುಂಚೆ ಕೇಳಿದಳು: “ಎರಡೂ ಬೂಟಲ್ಲೂ ಇತ್ತಾ?” ಹೌದು, ಎರಡರಲ್ಲೂ, ಸಮವಾಗಿ ಎಂದೆ. ಅಳುತ್ತಿದ್ದಳು.

ಮಾರ್ಚ್ 23, ಭಾನುವಾರ

ನಾಲ್ಕು ಗಂಟೆಗೆ ವಿಡಿಯೋ ಕರೆ. ಇವಳು ಹಾಸ್ಟೆಲಿನ ಕೋಣೆಯಲ್ಲಿ ಒಂದು ಸ್ಟೂಲು ಹಾಕಿಕೊಂಡು, ಹೊಸ ಬೂಟನ್ನು ಒಂದು ಕೈಯಲ್ಲಿ ಎಳೆಯುತ್ತಾ, ಇನ್ನೊಂದರಲ್ಲಿ ಸೌತೆಕಾಯಿ ಕಚ್ಚಿದಳು. ಕಚಕ್ ಎಂದದ್ದು ಇಲ್ಲಿಗೂ ಕೇಳಿಸಿತು.

ಚಿಟಿಕೆ ಫೋನಿಗೆ ಮೂಗು ತಾಗಿಸಿ ನೋಡಿದಳು. ತನ್ನ ಸೀಳನ್ನೂ ಪರದೆಗೆ ಒತ್ತಿ ತಿನ್ನಿಸಿದಳು. ಫೋನು ಒರೆಸುವಷ್ಟರಲ್ಲಿ ಸಾಕಾಯಿತು. ತಾನು ಮಾತ್ರ ಏನೂ ತಿನ್ನಲಿಲ್ಲ. ಬೂಟಿಗೂ ಹಾಕಲಿಲ್ಲ. 10.040. ಫೋಟೋ ಕಳಿಸಿದೆ.

ಮಾರ್ಚ್ 24, ಸೋಮವಾರ

10.020.

ಇವಳು ಬ್ಯಾಗಿಗೆ ಬಟ್ಟೆ ತುಂಬಿಟ್ಟಿದ್ದಾಳಂತೆ. ತಡೆಯುವ ಬಾಯಿ ನನಗಿಲ್ಲ.

ಮಾರ್ಚ್ 25, ಮಂಗಳವಾರ

ನಿಧಾನವಾಗಿ ಬರೆಯಬೇಕು, ಒಂದೂ ಬಿಡಬಾರದು.

ಕರೆ ಮುಗಿಯಿತು, ಅಮ್ಮ ತಿಂದಾಯಿತು. ನಾನು ಎಂದಿನಂತೆ ಸಿಂಕಿನ ಕಡೆ ತಿರುಗಿದೆ. ಯಾರೋ ಪ್ಯಾಂಟು ಎಳೆದರು. ಚಿಟಿಕೆ ಎರಡು ಡಬ್ಬಿ ಎತ್ತಿ ಹಿಡಿದು ನಿಂತಿದ್ದಾಳೆ.

“ಇದಾ? ಅದಾ?”

“ನಂಗಾ? ಯಾವ್ದಾದ್ರೂ ಸರಿ ಪುಟ್ಟಾ.”

ಒಪ್ಪಲಿಲ್ಲ. ಮತ್ತೆ ಎತ್ತಿದಳು. “ಇದಾ? ಅದಾ?” ಅವಳ ಮುಖದಲ್ಲಿ ನಗುವಿಲ್ಲ, ಕಚೇರಿಯ ಗಾಂಭೀರ್ಯ. ಒಂದರಲ್ಲಿ ಮೊಟ್ಟೆ, ಇನ್ನೊಂದರಲ್ಲಿ ಕಿತ್ತಳೆ. ನನಗೆ ಯಾವುದು ಇಷ್ಟ? ನಿಜ ಹೇಳಬೇಕೆಂದರೆ ಗೊತ್ತಿರಲಿಲ್ಲ. ಮೂರು ವಾರದಿಂದ ಅವಳು ಬಿಟ್ಟದ್ದನ್ನು ತೂಗಿ, ನಿಂತೇ ಬಾಯಿಗೆ ಹಾಕಿಕೊಳ್ಳುತ್ತಿದ್ದೇನೆ. ಅಳೆದೂ ಸುರಿದೂ ಕಿತ್ತಳೆ ಎಂದೆ.

ನನ್ನನ್ನು ನೆಲದ ಮೇಲೆ ಕೂರಿಸಿದಳು. ಒಂದು ತೊಳೆ ನನ್ನ ಅಂಗೈಯಲ್ಲಿಟ್ಟು, ನಾನು ಅಗಿದು ನುಂಗುವವರೆಗೂ ಎದುರಿಗೆ ನಿಂತು ನೋಡಿದಳು. (ಮೂರನೆಯ ನಿಯಮ ಅವಳಿಗಿಲ್ಲ.) “ಆಯ್ತು?” ಎಂದಳು. ಆಯ್ತು ಎಂದೆ. ಆಗ ಮೊಟ್ಟೆಯ ಡಬ್ಬಿ ಮಡಿಲಲ್ಲಿಟ್ಟುಕೊಂಡು, ನನಗೆ ಒರಗಿ ಕೂತು, ತಿಂದಳು. ಎಲ್ಲರಿಗೂ ಬಡಿಸಿ ಆಮೇಲೆ ಕೂರುವ ಮನೆಯ ಹಿರಿಯಳು!

ನಿಯಮ ಮುರಿಯಿತೆಂದು ಇವಳಿಗೆ ವರದಿ ಮಾಡಿದೆ. ಎದುರುಬದುರು ಕೂತುಬಿಟ್ಟೆ, ನೋಡಿಬಿಟ್ಟೆ ಎಂದೆ.

“ಅಯ್ಯೋ ಮಹಾರಾಯ! ನೋಡ್ತಾ ನಿಲ್ಬೇಡ ಅಂತ ಬರ್ದೆ. ಜೊತೇಲಿ ಕೂತು ತಿನ್ಬೇಡ ಅಂತ ಎಲ್ಲಿ ಬರ್ದಿದೀನಿ? ಮೂರು ವಾರ ಮಗೂಗೆ ಬರೀ ಬೆನ್ನು ತೋರ್ಸಿದ್ಯಾ?”

ಕಾಗದವನ್ನು ಮತ್ತೆ ಓದಿದೆ. ಎಲ್ಲೂ ಬರೆದಿಲ್ಲ.

ಮಾರ್ಚ್ 26, ಬುಧವಾರ

10.040. ಅವಳು ಮೊಟ್ಟೆ, ಚೀಸು. ನಾನು ಕಿತ್ತಳೆ. ಬ್ಯಾಗಿನ ಬಟ್ಟೆ ಬೀರುವಿಗೆ ವಾಪಸು ಹೋಯಿತಂತೆ.

ಮಾರ್ಚ್ 29, ಶನಿವಾರ

10.110. ಅತ್ತೆ ಬಂದಿದ್ದರು. ಅವರಿಗೂ “ಇದಾ? ಅದಾ?” ಆಯಿತು. “ನಂಗೆ ಹಲ್ಲು ನೋವು, ಏನೂ ಬೇಡ ಕಂದಾ” ಎಂದರೆ ಕೇಳುವವಳೇ? ಕೊನೆಗೆ ಅತ್ತೆ ಬೇಯಿಸಿದ ಕ್ಯಾರೆಟ್ಟು ಆರಿಸಿಕೊಂಡರು. ಎರಡು ತುಂಡು ತಿಂದು, “ಅರವತ್ತೆರಡು ವರ್ಷಕ್ಕೆ ಮೊದಲ ಸಲ ಯಾರೋ ಕೇಳಿದ್ರು ನೋಡು” ಎಂದು ನಕ್ಕರು.

ಒಂದು ವಿಷಯ ಗಮನಿಸಿದೆ. ಚಿಟಿಕೆ ಆರಿಸುವಾಗ ಡಬ್ಬಿ ನೋಡುವುದಿಲ್ಲ, ಮೊದಲು ನಮ್ಮ ಮುಖ ನೋಡುತ್ತಾಳೆ. ಆಮೇಲೆ ಕೈ ಹೋಗುತ್ತದೆ. ಅತ್ತೆಯ ಎದುರು ತೀರಾ ಮೆತ್ತಗಿನ ತಿಂಡಿಯ ಡಬ್ಬಿಗಳನ್ನೇ ಹಿಡಿದಳು. ಹಲ್ಲು ನೋವು ಎಂಬುದು ಅವಳಿಗೆ ಅರ್ಥವಾಯಿತೇ? ಇದನ್ನು ಯಾರನ್ನು ಕೇಳಿ ತಿಳಿಯುವುದು?

ಏಪ್ರಿಲ್ 3, ಗುರುವಾರ

ಇಂದು ಸೌತೆಕಾಯಿ ಒಂದು ಸೀಳು ತಿಂದಳು, ಅಮ್ಮನ ಜೊತೆಜೊತೆಗೆ, ಕಚಕ್ ಎಂದು. ಮುಖ ಕಿವಿಚಿದಳು. ನುಂಗಿದಳು. ಮತ್ತೆ ಒಂದು ತೆಗೆದುಕೊಂಡಳು. ಇಷ್ಟವಿಲ್ಲದ್ದನ್ನು ಮತ್ತೆ ಯಾಕೆ ಆರಿಸಿದಳೋ. ಮೂವರೂ ನಕ್ಕೆವು.

ಕಿತ್ತಳೆ ಮುಗಿದಿದೆ. ನಾಳೆ ತರಬೇಕು. ಹುಳಿ ಕಡಿಮೆ ಇರುವುದನ್ನು ಮೂಲೆಯ ಅಂಗಡಿಯಲ್ಲಿ ನೋಡಿದೆ.

ಏಪ್ರಿಲ್ 9, ಬುಧವಾರ

ಆಸ್ಪತ್ರೆ. ನರ್ಸು ತೂಗಿ, “ಹತ್ತೂ ಐನೂರ ಎಂಬತ್ತು” ಎಂದರು. ಆಮೇಲೆ ಪೆನ್ನು ಹಿಡಿದುಕೊಂಡೇ ನನ್ನ ಮುಖ ನೋಡುತ್ತಾ ಕಾದರು. “ಏನೂ ಹೇಳೋದಿಲ್ವಾ?”

“ಬರ್ಕೊಳ್ಳಿ” ಎಂದೆ.

ಚಿಟಿಕೆ ನರ್ಸಿನ ಮೇಜಿನ ಮೇಲಿದ್ದ ಎರಡು ಪೆನ್ನು ಎತ್ತಿ “ಇದಾ? ಅದಾ?” ಎಂದಳು. ನರ್ಸು ನೀಲಿ ಆರಿಸಿಕೊಂಡರು. ಮನೆಯವರೆಗೂ ನಡೆದೇ ಬಂದೆವು, ದಾರಿಯಲ್ಲಿ ಮೂರು ಲಿಫ್ಟು ನೋಡಿದೆವು.

ಏಪ್ರಿಲ್ 13, ಭಾನುವಾರ

ಇವಳು ಕೊನೆಯ ಪರೀಕ್ಷೆಗೆ ಓದುತ್ತಿದ್ದಾಳೆ. “ಮೂರು ದಿನದಿಂದ ಫೋಟೋ ಬಂದಿಲ್ಲ” ಎಂದಳು. ಹೌದಲ್ಲ! ತಕ್ಕಡಿ ಎಲ್ಲಿ ಎಂದು ಹುಡುಕಿದರೆ ಚಿಟಿಕೆ ಅದರ ಮೇಲೆ ಗೊಂಬೆಗಳನ್ನು ಮಲಗಿಸಿ ಹೊದಿಕೆ ಹೊದಿಸಿದ್ದಾಳೆ. ಎಬ್ಬಿಸಲಿಲ್ಲ. ಗೊಂಬೆಗಳು ಎದ್ದ ಮೇಲೆ ಕಳಿಸುತ್ತೇನೆ ಎಂದೆ. ಆಯಿತು ಎಂದು ನಕ್ಕಳು.

ಏಪ್ರಿಲ್ 20, ಭಾನುವಾರ

ನಾಳೆಯಿಂದ ಕಚೇರಿ. ಅತ್ತೆ ಸಂಜೆಯೇ ಬಂದರು. ಮುಂದಿನ ಭಾನುವಾರ ಇವಳು ಬರುತ್ತಾಳೆ.

ಶೂ ಒರೆಸಿ ಸ್ಟೂಲಿನ ಬಳಿ ಇವಳ ಬೂಟಿನ ಪಕ್ಕ ಇಟ್ಟೆ. ಚಿಟಿಕೆ ಬಂದು ನನ್ನ ಶೂ ನೋಡಿದಳು, ಬೂಟು ನೋಡಿದಳು, ನನ್ನನ್ನು ನೋಡಿದಳು.

“ಅಪ್ಪ ಟಾಟಾ?”

“ನಾಳೆ ಟಾಟಾ. ಸಂಜೆ ಬರ್ತೀನಿ. ನಾಲ್ಕಕ್ಕೆ ಅಲ್ಲ, ಆರಕ್ಕೆ.”

ಅವಳು ಊಟ ಸರಿಯಾಗಿ ಮಾಡಲಿಲ್ಲ. ನನಗೂ ಸೇರಲಿಲ್ಲ. ಏಳು ವಾರದ ಹಿಂದೆ, ರಜೆ ಯಾವಾಗ ಮುಗಿಯುತ್ತದೋ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೆ. ಯಾಕೆ ಹಾಕಿದೆನೋ.

ಏಪ್ರಿಲ್ 21, ಸೋಮವಾರ

ಬೆಳಿಗ್ಗೆ ಎಂಟಕ್ಕೆ ಅವಸರವಸರವಾಗಿ ಎಡ ಶೂಗೆ ಕಾಲು ತೂರಿಸಿದೆ. ತುದಿಯಲ್ಲಿ ಏನೋ ಮೆತ್ತಗೆ, ತಣ್ಣಗೆ. ಪಚಕ್ ಎಂದಿತು.

“ಏನಾಯ್ತಪ್ಪಾ?” ಎಂದರು ಅತ್ತೆ.

“ಏನಿಲ್ಲ.”

ಚಿಟಿಕೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನ ಪಾದವನ್ನೇ ನೋಡುತ್ತಿದ್ದಳು. ಬಲ ಶೂಗೂ ಕಾಲು ಹಾಕಿದೆ, ಜೋಪಾನವಾಗಿ. ಅಲ್ಲೂ ಒಂದಿತ್ತು.

ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಎರಡೂ ತೊಳೆಗಳನ್ನು ತೆಗೆದೆ. ಆಮೇಲೆ ಅವುಗಳನ್ನು ಏನು ಮಾಡಿದೆ ಎಂದು ಇಲ್ಲಿ ಬರೆಯುವುದಿಲ್ಲ. ಇವಳು ಎಂದಾದರೂ ಈ ಪುಸ್ತಕ ತೆರೆದರೆ ಒಂದು ತಿಂಗಳು ನನ್ನ ಹತ್ತಿರ ಕೂರಲಿಕ್ಕಿಲ್ಲ. ದಿನವಿಡೀ ಮಾರುಕಟ್ಟೆಯಲ್ಲಿ ಹದಿನಾಲ್ಕು ತಕ್ಕಡಿ ಪರೀಕ್ಷಿಸಿದೆ. ಕಾಲುಚೀಲ ಅಂಟಂಟಾಗಿತ್ತು. ಬ್ಯಾಗಿನಲ್ಲಿ ಇನ್ನೊಂದು ಜೊತೆ ಇತ್ತು, ಬದಲಾಯಿಸಲು ಮನಸ್ಸಾಗಲಿಲ್ಲ. ಹಣ್ಣಿನ ಅಂಗಡಿಯವನು ಮೂಗರಳಿಸಿ, “ಸಾರ್, ಕಿತ್ತಳೆ ವಾಸನೆ ನಿಮ್ಮ ಕಡೆಯಿಂದ ಬರ್ತಿದೆ” ಎಂದ. ಹೌದು ಎಂದೆ.

ಆರಕ್ಕೆ ಐದು ನಿಮಿಷ ಇರುವಾಗಲೇ ಮನೆಗೆ ಬಂದೆ. ಸ್ಟೂಲಿನ ಮೇಲೆ ಕೂತು ಶೂ ಎಳೆದೆ. ಚಿಟಿಕೆ ಓಡಿ ಬಂದು ನೆಲದ ಮೇಲೆ ಕೂತು, ಮೊದಲು ಎಡ ಶೂನೊಳಗೆ ಮೊಣಕೈವರೆಗೆ ಕೈ ಹಾಕಿ ತಡಕಿದಳು. ಆಮೇಲೆ ಬಲದ್ದು. ಎರಡೂ ಖಾಲಿ.

“ಅಪ್ಪ ತಿಂತು?”

“ತಿಂದೆ.”

“ಆಯ್ತು” ಎಂದಳು. ನನ್ನ ಬೆರಳು ಹಿಡಿದು ಎಳೆದುಕೊಂಡು ಅಡುಗೆಮನೆಗೆ ಹೋದಳು. ನಾಲ್ಕಕ್ಕೆ ತೆರೆದ ಖಾನೆ ಹಾಗೇ ತುಂಬಿತ್ತು, ಅತ್ತೆ ಎಷ್ಟು ಕರೆದರೂ ಮುಟ್ಟಿರಲಿಲ್ಲವಂತೆ. ಇಬ್ಬರೂ ನೆಲದ ಮೇಲೆ ಕೂತೆವು. ಈಗ ಅವಳು ತಿಂದಳು.